ಹಾಡೆಂಬ ಆಯುಧ: ಪೋಕೆಮಾನ್ ಕಾಳಗದಲ್ಲಿ ದನಿಯ ನಿಯಮಗಳು

ಕಲ್ಪಿತ ಜೀವಿಗಳನ್ನು ಹಿಡಿದು, ಪಳಗಿಸಿ, ಒಂದರ ಎದುರು ಇನ್ನೊಂದನ್ನು ಕಾಳಗಕ್ಕೆ ಬಿಡುವ ವಿಡಿಯೋ ಗೇಮ್‌ಗಳಲ್ಲಿ ಬೆಂಕಿಯುಗುಳುವುದನ್ನೋ ಉಗುರಿನಿಂದ ಪರಚುವುದನ್ನೋ ನಿಯಮದ ರೂಪಕ್ಕೆ ತರುವುದು ಅಷ್ಟೇನೂ ತೊಡಕಿನ ಕೆಲಸವಲ್ಲ. ಹೊಡೆಯುವ ಜೀವಿ ಒಂದು, ಪೆಟ್ಟು ತಿನ್ನುವ ಜೀವಿ ಒಂದು, ಪೆಟ್ಟು ತಾಗಿತೇ ಎಂಬ ಪ್ರಶ್ನೆ, ತಾಗಿದ್ದರೆ ಎಷ್ಟು ಎಂಬ ಲೆಕ್ಕ, ಇಷ್ಟರಲ್ಲಿ ವ್ಯವಹಾರ ಮುಗಿಯುತ್ತದೆ. ಹಾಡಿನ ದಾಳಿ ಈ ಲೆಕ್ಕಕ್ಕೆ ಸುಲಭವಾಗಿ ಬಗ್ಗುವಂಥದ್ದಲ್ಲ. ಹಾಡು ಎಲ್ಲ ದಿಕ್ಕಿಗೂ ಹರಡುತ್ತದೆ. ಕ್ಷಣದಲ್ಲಿ ಮುಗಿಯದೆ ಕಾಲವನ್ನು ಬೇಡುತ್ತದೆ. ಕೇಳುವ ಕಿವಿಯಿಲ್ಲದಿದ್ದರೆ ಅದಕ್ಕೆ ಫಲವೇ ಇಲ್ಲ. ಶತ್ರುವಿನ ಕಿವಿಗೆ ಬಿದ್ದಷ್ಟೇ ಅದು ಹಾಡುವವರ ಮತ್ತು ಅವರ ಸಂಗಾತಿಗಳ ಕಿವಿಗೂ ಬೀಳುತ್ತದೆ. ಈ ಗುಣಗಳಲ್ಲಿ ಯಾವುದನ್ನು ಆಟದ ನಿಯಮಗಳು ಒಳಗೊಂಡಿವೆ, ಯಾವುದನ್ನು ಕೈಬಿಟ್ಟಿವೆ ಎಂದು ಪರಿಶೀಲಿಸಲು ಪೋಕೆಮಾನ್ ಸರಣಿಗಿಂತ ಒಳ್ಳೆಯ ಸಾಮಗ್ರಿ ಸಿಗಲಾರದು, ಏಕೆಂದರೆ 1996ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ನಿಂಟೆಂಡೊದ ಗೇಮ್ ಬಾಯ್ ಯಂತ್ರಕ್ಕಾಗಿ ರೆಡ್ ಮತ್ತು ಗ್ರೀನ್ ಎಂಬ ಜೋಡಿ ಆಟಗಳಾಗಿ ಹೊರಬಂದಾಗಿನಿಂದ 2022ರ ಸ್ಕಾರ್ಲೆಟ್ ಮತ್ತು ವಯೊಲೆಟ್‌ವರೆಗೆ ಅದು ಈ ಒಂದೇ ಸಮಸ್ಯೆಗೆ ಬೇರೆ ಬೇರೆ ಉತ್ತರಗಳನ್ನು ಕೊಡುತ್ತ ಬಂದಿದೆ.

ಈ ಸರಣಿಯ ಕಾಳಗ ಸರದಿಯ ಕಾಳಗ. ಎರಡೂ ಕಡೆಯ ಆಟಗಾರರು ತಮ್ಮ ಜೀವಿ ಮಾಡಬೇಕಾದ ಒಂದು ಪಟ್ಟನ್ನು ಆರಿಸುತ್ತಾರೆ, ವೇಗ ಹೆಚ್ಚಿರುವ ಜೀವಿ ಸಾಮಾನ್ಯವಾಗಿ ಮೊದಲು ನಡೆಯುತ್ತದೆ, ಎರಡೂ ನಡೆದ ಮೇಲೆ ಸರದಿ ಮುಗಿಯುತ್ತದೆ. ಒಂದು ಜೀವಿ ಒಂದು ಕಾಲಕ್ಕೆ 4 ಪಟ್ಟುಗಳನ್ನಷ್ಟೇ ತಿಳಿದಿರಬಹುದು, ಮತ್ತು ಪ್ರತಿಯೊಂದು ಪಟ್ಟಿಗೂ ಒಂದು ವರ್ಗ, ಬಹುಪಾಲು ಪಟ್ಟುಗಳಿಗೆ ಗುರಿ ತಾಗುವ ಸಾಧ್ಯತೆಯನ್ನು ಹೇಳುವ ಶೇಕಡಾ ಅಂಕಿ, ಎಷ್ಟು ಬಾರಿ ಬಳಸಬಹುದೆಂಬ ಮಿತಿ, ಪೆಟ್ಟು ಕೊಡುವ ಪಟ್ಟಾದರೆ ಅದರ ಬಲವನ್ನು ಸೂಚಿಸುವ ಇನ್ನೊಂದು ಅಂಕಿ ಇರುತ್ತವೆ. ಈ ಚೌಕಟ್ಟಿನಲ್ಲಿ ಹಾಡಿನ ಮೊದಲ ಅವತಾರ ‘ಸಿಂಗ್’ ಎಂಬ ಪಟ್ಟು. ದುಂಡನೆಯ ಗುಲಾಬಿ ಮೈಯ ಜಿಗ್ಲಿಪಫ್ ಮತ್ತು ಕಡಲಲ್ಲಿ ಜನರನ್ನು ಹೊತ್ತು ಸಾಗುವ ಲ್ಯಾಪ್ರಸ್ ಮುಂತಾದ ಜೀವಿಗಳು ಬಳಸುವ ಈ ಪಟ್ಟಿನ ತಾಗುವ ಸಾಧ್ಯತೆ ಶೇ. 55, ಬಳಕೆಯ ಮಿತಿ 15 ಬಾರಿ, ಫಲ ಎದುರಾಳಿಯ ನಿದ್ದೆ. ಅಂದರೆ ಹಾಡು ಇಲ್ಲಿ ಎಸೆದ ಕಲ್ಲಿನಂತೆ ವರ್ತಿಸುತ್ತದೆ: ಒಬ್ಬರ ಕಡೆಗೆ ಗುರಿಯಿಟ್ಟು ಬಿಟ್ಟದ್ದು, ತಾಗಿದರೆ ಪೂರ್ತಿ ತಾಗುತ್ತದೆ, ತಪ್ಪಿದರೆ ಪೂರ್ತಿ ತಪ್ಪುತ್ತದೆ. ಕೇಳಿಸಿದ ಹಾಡು ‘ತಪ್ಪುವುದು’ ಹೇಗೆಂಬ ಪ್ರಶ್ನೆಗೆ ಆಟದಲ್ಲಿ ಉತ್ತರವಿಲ್ಲ.

ನಿದ್ದೆ ತರಿಸುವ ಇತರ ಪಟ್ಟುಗಳ ಪಕ್ಕದಲ್ಲಿಟ್ಟರೆ ಹಾಡಿನ ಸ್ಥಾನ ಇನ್ನೂ ಸ್ಪಷ್ಟವಾಗುತ್ತದೆ. ನಿದ್ದೆಯ ಪುಡಿ ಎರಚುವ ಸ್ಲೀಪ್ ಪೌಡರ್ ಶೇ. 75ರಷ್ಟು ತಾಗುತ್ತದೆ, ಅಣಬೆಯ ಬೀಜಕಗಳನ್ನು ಹಾರಿಸುವ ಸ್ಪೋರ್ ಶೇ. 100ರಷ್ಟು; ಹಾಡು, ಮುಂದೆ ಆಟಗಳ ಮೂರನೆಯ ಪೀಳಿಗೆಯಲ್ಲಿ ಬಂದ ಎಲೆಪೀಪಿಯ ಪಟ್ಟಾದ ಗ್ರಾಸ್ ವಿಸಲ್, ಎರಡೂ ಶೇ. 55ರಲ್ಲೇ ನಿಂತಿವೆ. ಎರಡು ಸರದಿ ಹಾಡಿದರೆ ಒಮ್ಮೆಯಾದರೂ ಫಲಿಸುವ ಸಾಧ್ಯತೆ ಶೇ. 80ರ ಹತ್ತಿರ ಬರುತ್ತದೆ, ಒಮ್ಮೆ ಫಲಿಸಲು ಸರಾಸರಿ 1.8 ಸರದಿ ಬೇಕಾಗುತ್ತದೆ. ಈಚಿನ ನಿಯಮದಂತೆ ನಿದ್ದೆ 1ರಿಂದ 3 ಸರದಿಯಷ್ಟೇ ಇರುವುದರಿಂದ ಹಾಡುವ ಜೀವಿ ಕಳೆದುಕೊಳ್ಳುವ ಕಾಲಕ್ಕೂ ಕೇಳುವ ಜೀವಿ ಕಳೆದುಕೊಳ್ಳುವ ಕಾಲಕ್ಕೂ ಹೆಚ್ಚಿನ ಅಂತರ ಉಳಿಯುವುದಿಲ್ಲ. ಮೊದಲ ಆಟಗಳಲ್ಲಿ ನಿದ್ದೆ 7 ಸರದಿಯವರೆಗೂ ಎಳೆಯಬಹುದಾಗಿತ್ತು, ಎಚ್ಚರವಾದ ಸರದಿಯಲ್ಲೂ ಜೀವಿ ಏನನ್ನೂ ಮಾಡಲಾಗುತ್ತಿರಲಿಲ್ಲ, ಆಗ ಶೇ. 55ರ ಹಾಡಿಗೂ ಒಂದು ಬೆಲೆಯಿತ್ತು. ಪಂದ್ಯಗಳಲ್ಲಿ ಆಡುವ ನುರಿತವರು ಸಿಂಗ್ ಪಟ್ಟನ್ನು ಆರಿಸದಿರುವುದಕ್ಕೆ ಕಾರಣ ಈ ಅಂಕಗಣಿತವೇ ಹೊರತು ಹಾಡಿನ ಮೇಲಿನ ತಾತ್ಸಾರವಲ್ಲ.

ಆದರೂ ಆ ಮೊದಲ ಆಟಗಳಲ್ಲಿ ಒಂದು ಸರಿಯಾದ ಒಳನೋಟ ಇತ್ತು. ಸಿಂಗ್ ನಿದ್ದೆ ತರಿಸುತ್ತದೆ, ಸೂಪರ್‌ಸಾನಿಕ್ ಎಂಬ ವಿಚಿತ್ರ ನಾದ ಎದುರಾಳಿಯನ್ನು ಗೊಂದಲಕ್ಕೆ ಕೆಡವುತ್ತದೆ, ಗ್ರೌಲ್ ಎಂಬ ಗುರುಗುಟ್ಟುವಿಕೆ ಅದರ ಹೊಡೆತದ ಬಲವನ್ನು ಕುಗ್ಗಿಸುತ್ತದೆ, ಸ್ಕ್ರೀಚ್ ಎಂಬ ಕರ್ಕಶ ಕೂಗು ಅದರ ರಕ್ಷಣೆಯನ್ನು ಸಡಿಲಿಸುತ್ತದೆ, ರೋರ್ ಎಂಬ ಗರ್ಜನೆ ಅದನ್ನು ಓಡಿಸುತ್ತದೆ; ಮುಂದೆ ದನಿಯ ಪಟ್ಟುಗಳೆಂದು ಗುರುತಿಸಲ್ಪಟ್ಟ ಈ ಐದರಲ್ಲಿ ಒಂದೂ ನೇರವಾಗಿ ಮೈಗೆ ಪೆಟ್ಟು ಕೊಡುವುದಿಲ್ಲ, ಎಲ್ಲವೂ ಕೇಳುವ ಜೀವಿಯ ಮನಸ್ಸಿನ ಮೇಲೆ ಕೆಲಸ ಮಾಡುತ್ತವೆ. ಹೆಸರಿನಲ್ಲೇ ಶಬ್ದವನ್ನು ಹೊತ್ತು, ತಾಗಿದಾಗಲೆಲ್ಲ 20 ಅಂಕದ ಪೆಟ್ಟು ಕೊಡುವ ಸೋನಿಕ್ ಬೂಮ್ ಅನ್ನು ಆಟ ಇಂದಿಗೂ ದನಿಯ ಪಟ್ಟುಗಳ ಪಂಕ್ತಿಗೆ ಸೇರಿಸಿಲ್ಲವೆಂಬುದು ಇಲ್ಲಿ ನೆನೆಯಬೇಕಾದ ವಿಚಿತ್ರ. ಹಾಡು ಏನು ಮಾಡುತ್ತದೆ ಎಂಬುದನ್ನು 1996ರ ಆಟ ಬಹುಮಟ್ಟಿಗೆ ಸರಿಯಾಗಿ ಊಹಿಸಿತ್ತು, ಅದು ಹೇಗೆ ತಲುಪುತ್ತದೆ ಎಂಬಲ್ಲಿ ಸೋತಿತ್ತು. ಮುಂದಿನ ಕಾಲು ಶತಮಾನದ ಚರಿತ್ರೆ ಹೆಚ್ಚುಕಡಿಮೆ ಇದರ ತಿರುವು ಮುರುವು.

ಆ ಸೋಲಿನಲ್ಲಿ ಯಂತ್ರದ ಪಾಲೂ ಇತ್ತೆನ್ನಬೇಕು. ಗೇಮ್ ಬಾಯ್‌ಗೆ ದನಿ ಹೊರಡಿಸಲು ಇದ್ದವು ನಾಲ್ಕೇ ದಾರಿಗಳು: ಚೌಕಾಕಾರದ ಅಲೆಯ ಎರಡು, ಬೇಕಾದ ಆಕಾರದ ಅಲೆಯನ್ನು ನುಡಿಸುವ ಒಂದು, ಬರಿಯ ಗದ್ದಲಕ್ಕೆ ಮೀಸಲಾದ ಒಂದು. ಸಂಗೀತ ಸಂಯೋಜಿಸಿದ ಜುನಿಚಿ ಮಸುದ ಅವರೇ ಜೀವಿಗಳ ಕೂಗನ್ನೂ ರೂಪಿಸಿದರು; 151 ಜೀವಿಗಳಿಗೆ 151 ಕೂಗುಗಳನ್ನು ಇಡಲು ಜಾಗವಿಲ್ಲದ್ದರಿಂದ 38 ಮೂಲ ಕೂಗುಗಳನ್ನೇ ಸ್ಥಾಯಿಯನ್ನೂ ಅವಧಿಯನ್ನೂ ಬದಲಿಸಿ ಹಂಚಲಾಯಿತು. ಗ್ರೌಲ್ ಮತ್ತು ರೋರ್ ಪಟ್ಟುಗಳನ್ನು ಬಳಸಿದಾಗ ಕೇಳಿಸುವುದು ಆಯಾ ಜೀವಿಯ ಸ್ವಂತ ಕೂಗು ಎಂಬುದು ಇಷ್ಟು ಇಕ್ಕಟ್ಟಿನಲ್ಲೂ ತೋರಿದ ಸೂಕ್ಷ್ಮತೆ. ಅದೇ ಆಟದ ಪ್ಯೂಟರ್ ಪಟ್ಟಣದ ಚಿಕಿತ್ಸಾಲಯದಲ್ಲಿ ಒಂದು ಜಿಗ್ಲಿಪಫ್ ನಿಂತಿರುತ್ತದೆ. ಅದನ್ನು ಮಾತಾಡಿಸಿದರೆ ಹಿನ್ನೆಲೆಯ ಸಂಗೀತ ಥಟ್ಟನೆ ನಿಂತು, ಅದು ಸುತ್ತ ತಿರುಗುತ್ತ ಒಂದು ಪುಟ್ಟ ರಾಗವನ್ನು ಹಾಡಿ ಮುಗಿಸುತ್ತದೆ, ಆಮೇಲೆ ಸಂಗೀತ ಮತ್ತೆ ಶುರುವಾಗುತ್ತದೆ. ಯಾರಿಗೂ ನಿದ್ದೆ ಬರುವುದಿಲ್ಲ, ಯಾವ ಅಂಕಿಯೂ ಬದಲಾಗುವುದಿಲ್ಲ. ಆದರೂ ಹಾಡು ನಡೆಯುವಷ್ಟು ಹೊತ್ತು ಉಳಿದ ಲೋಕ ಸುಮ್ಮನಿರಬೇಕೆಂಬ ತಿಳಿವಳಿಕೆ ಆ ಒಂದು ದೃಶ್ಯದಲ್ಲಿದೆ, ಕಾಳಗದ ನಿಯಮಗಳಲ್ಲಿ ಇರಲಿಲ್ಲ.

ಇದೇ ಜೀವಿ ಬೇರೆ ಮಾಧ್ಯಮಗಳಿಗೆ ಹೋದಾಗ ನಿಯಮ ತಾನಾಗಿ ಬದಲಾದದ್ದು ಗಮನಾರ್ಹ. ಟಿವಿಯ ಅನಿಮೇಷನ್ ಸರಣಿಯಲ್ಲಿ ಜಿಗ್ಲಿಪಫ್ ಹಾಡಿದರೆ ಕೇಳಿದವರೆಲ್ಲರೂ, ಶತ್ರು, ಮಿತ್ರ, ದಾರಿಹೋಕ ಎಂಬ ಭೇದವಿಲ್ಲದೆ, ಅಲ್ಲಲ್ಲೇ ನಿದ್ದೆಹೋಗುತ್ತಾರೆ. ತನ್ನ ಹಾಡನ್ನು ಕೊನೆಯವರೆಗೆ ಕೇಳುವವರು ಸಿಕ್ಕಲಿಲ್ಲವೆಂದು ಸಿಟ್ಟಾದ ಅದು ಮಸಿಯ ಪೆನ್ನಿನಿಂದ ಮಲಗಿದವರ ಮುಖದ ಮೇಲೆ ಗೀಚಿ ಹೋಗುತ್ತದೆ. ಆಯುಧ ಪೂರ್ತಿ ಗೆದ್ದಿದೆ, ಗಾಯಕಿ ಪೂರ್ತಿ ಸೋತಿದ್ದಾಳೆ. ಹಾಸ್ಯವೆಂದು ಬರೆದ ಈ ಪ್ರಸಂಗದಲ್ಲಿ ಹಾಡನ್ನು ದಾಳಿಯಾಗಿ ಬಳಸುವುದರ ಒಳ ವಿರೋಧ ಆಟಕ್ಕಿಂತ ಚೆನ್ನಾಗಿ ಬಂದಿದೆ. 1999ರ ಸೂಪರ್ ಸ್ಮಾಶ್ ಬ್ರದರ್ಸ್‌ನಲ್ಲಿ, ಅಂದರೆ ಸರದಿಯಿಲ್ಲದೆ ಎಲ್ಲರೂ ಒಟ್ಟಿಗೆ ಹೊಡೆದಾಡುವ ಆಟದಲ್ಲಿ, ಸಿಂಗ್ ಹಾಡುವ ಜೀವಿಯ ಸುತ್ತ ವರ್ತುಲವಾಗಿ ಹರಡುತ್ತದೆ. ವರ್ತುಲದೊಳಗೆ ನೆಲದ ಮೇಲೆ ನಿಂತವರು ನಿದ್ದೆಗೆ ಜಾರುತ್ತಾರೆ, ಗಾಳಿಯಲ್ಲಿ ಜಿಗಿದಿರುವವರು ಪಾರಾಗುತ್ತಾರೆ, ಹಾಡು ಮುಗಿಯುವವರೆಗೆ ಗಾಯಕಿ ತಾನು ಅಲ್ಲಾಡುವಂತಿಲ್ಲ. ದೂರ, ಅವಧಿ, ಹಾಡುವಾಗಿನ ಅಸಹಾಯಕತೆ ಮೂರೂ ಇಲ್ಲಿ ನಿಯಮಕ್ಕೆ ಬಂದಿವೆ, ಜಿಗಿದವರಿಗೆ ಏಕೆ ಕೇಳಿಸುವುದಿಲ್ಲ ಎಂಬುದನ್ನು ಮಾತ್ರ ಕೇಳಬಾರದು.

ಹಾಡು ನಿಜಕ್ಕೂ ಆಯುಧವಾಗಬಲ್ಲದೇ ಎಂಬ ಪ್ರಶ್ನೆಯನ್ನು ಭೌತಶಾಸ್ತ್ರಕ್ಕೆ ಕೇಳಿದರೆ ಬರುವ ಉತ್ತರ ನಿರಾಶೆಯದು. ಶಬ್ದದ ತೀವ್ರತೆಯನ್ನು ಡೆಸಿಬೆಲ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಈ ಮಾನದಲ್ಲಿ 10 ಏರಿದರೆ ಶಕ್ತಿ ಹತ್ತು ಪಟ್ಟು ಏರಿತೆಂದು ಅರ್ಥ. ಸಾಧಾರಣ ಮಾತುಕತೆಯ 60 ಡೆಸಿಬೆಲ್ ದನಿಯಲ್ಲಿ ಒಂದು ಚದರ ಮೀಟರಿಗೆ ಹರಿಯುವುದು ಒಂದು ವ್ಯಾಟ್‌ನ ಹತ್ತು ಲಕ್ಷದಲ್ಲಿ ಒಂದು ಭಾಗ. ಕಿವಿ ನೋಯತೊಡಗುವ 120 ಡೆಸಿಬೆಲ್‌ನಲ್ಲೂ ಅದು ಕೇವಲ 1 ವ್ಯಾಟ್, ನಡುಹಗಲ ಬಿಸಿಲಿನಲ್ಲಾದರೋ ಅಷ್ಟೇ ಜಾಗಕ್ಕೆ ಸುಮಾರು 1,000 ವ್ಯಾಟ್ ಬೀಳುತ್ತಿರುತ್ತದೆ. ಸಾಲದ್ದಕ್ಕೆ ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ದನಿ 6 ಡೆಸಿಬೆಲ್ ಇಳಿಯುವುದರಿಂದ, 1 ಮೀಟರ್ ದೂರದಲ್ಲಿ 100 ಡೆಸಿಬೆಲ್ ಇದ್ದದ್ದು 100 ಮೀಟರ್ ದೂರದಲ್ಲಿ 60ಕ್ಕೆ ಬಂದಿರುತ್ತದೆ. ಶಕ್ತಿಯ ಲೆಕ್ಕದಲ್ಲಿ ಹಾಡು ಬಡವ. ದನಿಯಿಂದ ಬೇಟೆಯಾಡುವುದೆಂದು ಹೆಸರಾದ ಪಿಸ್ತೂಲು ಸೀಗಡಿಯ ವಿಷಯದಲ್ಲೂ ಹೊಡೆಯುವುದು ದನಿಯಲ್ಲ. ಅದು ಕೊಂಡಿಯನ್ನು ಥಟ್ಟನೆ ಮುಚ್ಚಿದಾಗ ಚಿಮ್ಮುವ ನೀರಿನಲ್ಲಿ ಹುಟ್ಟಿ ಕುಸಿಯುವ ಗುಳ್ಳೆ ಬೇಟೆಯನ್ನು ಬೀಳಿಸುತ್ತದೆ, ಸಿಡಿತದ ಸದ್ದು ಆ ಕುಸಿತದ ಫಲ.

ಹಾಡಿನ ಬಲ ಇರುವುದು ಕೇಳುವ ಜೀವಿ ಅದರಿಂದ ಏನು ತಿಳಿಯುತ್ತದೆ ಎಂಬಲ್ಲಿ. ಇದಕ್ಕೆ ಪಕ್ಷಿಶಾಸ್ತ್ರದ ಒಂದು ಪ್ರಯೋಗ ಒಳ್ಳೆಯ ನಿದರ್ಶನ. ಜಾನ್ ಕ್ರೆಬ್ಸ್ ಅವರು ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿಯ ವೈಥಮ್ ಕಾಡಿನಲ್ಲಿ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಯ ಗಂಡುಗಳನ್ನು ಅವುಗಳ ನೆಲೆಯಿಂದ ತೆಗೆದು, ಕೆಲವು ನೆಲೆಗಳಲ್ಲಿ ಅವುಗಳ ಹಾಡನ್ನು ಧ್ವನಿವರ್ಧಕಗಳಿಂದ ನುಡಿಸಿ, ಕೆಲವನ್ನು ಹಾಗೆಯೇ ಬಿಟ್ಟು ನೋಡಿದರು. 1977ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹಾಡು ಕೇಳಿಸುತ್ತಿದ್ದ ಖಾಲಿ ನೆಲೆಗಳನ್ನು ಹೊಸ ಗಂಡುಗಳು ಆಕ್ರಮಿಸಿಕೊಂಡದ್ದು ತಡವಾಗಿ. ಹಕ್ಕಿಯಿಲ್ಲ, ಕೊಕ್ಕಿಲ್ಲ, ಜಗಳವಿಲ್ಲ. ಹಾಡೊಂದೇ ಎದುರಾಳಿಯನ್ನು ಹೊರಗೆ ನಿಲ್ಲಿಸಿತ್ತು. ಅಮೆರಿಕದ ಬರ್ತೋಲ್ಡಿಯಾ ಟ್ರೈಗೋನಾ ಎಂಬ ಪತಂಗ ಇನ್ನೊಂದು ದಾರಿ ಹಿಡಿದಿದೆ: ಕತ್ತಲಲ್ಲಿ ತನ್ನ ಕೂಗಿನ ಮಾರ್ದನಿಯಿಂದ ಬೇಟೆಯನ್ನು ಗುರುತಿಸುವ ಬಾವಲಿ ಎರಗುವ ಹೊತ್ತಿಗೆ ಅದು ಚಿಟಿಕೆಯಂಥ ಸದ್ದುಗಳ ಮಳೆಗರೆದು ಮಾರ್ದನಿಯನ್ನೇ ಕಲಕಿ ಗುರಿ ತಪ್ಪಿಸುತ್ತದೆಂದು 2009ರಲ್ಲಿ ತೋರಿಸಲಾಯಿತು. ಆಟದ ಪರಿಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ರೋರ್, ಎರಡನೆಯದು ಸೂಪರ್‌ಸಾನಿಕ್. ಎರಡರಲ್ಲೂ ಪೆಟ್ಟಿನ ಬಲದ ಅಂಕಿಗೆ ಕೆಲಸವಿಲ್ಲ.

ಪುರಾಣಗಳೂ ಈ ವಿಷಯದಲ್ಲಿ ಕೇಳುವವರ ಕಡೆಯಿಂದಲೇ ಯೋಚಿಸಿವೆ. ಮಹಾಭಾರತದ ವಿರಾಟಪರ್ವದಲ್ಲಿ ಅರ್ಜುನ ಸಮ್ಮೋಹನಾಸ್ತ್ರವನ್ನು ಹೂಡಿ ಶಂಖವನ್ನೂದಿದಾಗ ಕೌರವಸೇನೆ ಮೈಮರೆತು ಬೀಳುತ್ತದೆ, ಮತ್ತು ಬಿದ್ದವರ ವಸ್ತ್ರಗಳನ್ನು ತರಲು ಉತ್ತರನನ್ನು ಕಳಿಸುವಾಗ ಅರ್ಜುನ ಭೀಷ್ಮನ ಹತ್ತಿರ ಹೋಗಬೇಡವೆಂದು ಎಚ್ಚರಿಸುತ್ತಾನೆ, ಏಕೆಂದರೆ ಆ ಅಸ್ತ್ರದ ಪರಿಹಾರ ಭೀಷ್ಮನಿಗೆ ಗೊತ್ತು. ಗ್ರೀಕರ ಒಡಿಸ್ಸಿಯಲ್ಲಿ ಸೈರನ್‌ಗಳ ಹಾಡಿನಿಂದ ಪಾರಾಗಲು ನಾವಿಕರು ಕಿವಿಗೆ ಮೇಣ ತುಂಬಿಕೊಳ್ಳುತ್ತಾರೆ, ನಾಯಕ ಕೇಳುವ ಆಸೆಯಿಂದ ಕಿವಿ ತೆರೆದಿಟ್ಟು ತನ್ನನ್ನು ಪಟಸ್ತಂಭಕ್ಕೆ ಕಟ್ಟಿಸಿಕೊಳ್ಳುತ್ತಾನೆ. ಸಮೂಹದ ಮೇಲೆ ಬೀಳುವ ಹಾಡು, ಅದಕ್ಕೆ ಒಳಗಾಗದ ಒಬ್ಬ, ಒಳಗಾಗದಿರುವುದಕ್ಕೆ ಒಂದು ಕಾರಣ: ಈ ಮೂರನ್ನೂ ಪೋಕೆಮಾನ್ ತಲುಪಿದ್ದು ಎರಡು ಕಂತುಗಳಲ್ಲಿ.

ಮೊದಲ ಕಂತು 1999ರ ಗೋಲ್ಡ್ ಮತ್ತು ಸಿಲ್ವರ್ ಆಟಗಳ ಪೆರಿಶ್ ಸಾಂಗ್. ಸರಣಿಯಲ್ಲಿ ಹಾಡನ್ನು ಹಾಡಾಗಿಯೇ ನಡೆಸಿಕೊಂಡ ಪಟ್ಟು ಇದಕ್ಕಿಂತ ಉತ್ತಮವಾದದ್ದು ಇನ್ನೂ ಬಂದಿಲ್ಲವೆಂದು ಧೈರ್ಯವಾಗಿ ಹೇಳಬಹುದು. ಇದಕ್ಕೆ ಗುರಿಯಿಲ್ಲ, ಹಾಡಿದ ಹೊತ್ತಿನಲ್ಲಿ ಕಣದಲ್ಲಿದ್ದು ಅದನ್ನು ಕೇಳಿದ ಪ್ರತಿಯೊಂದು ಜೀವಿಯ ಮೇಲೂ, ಹಾಡಿದ ಜೀವಿಯ ಮೇಲೂ, ಮೂರರ ಎಣಿಕೆ ಕೂರುತ್ತದೆ, ಸರದಿ ಕಳೆದಂತೆ ಎಣಿಕೆ ಇಳಿಯುತ್ತದೆ, ಸೊನ್ನೆ ಮುಟ್ಟಿದಾಗ ಎಷ್ಟೇ ಪ್ರಾಣಬಲ ಉಳಿದಿದ್ದರೂ ಜೀವಿ ಕುಸಿಯುತ್ತದೆ. ಪಾರಾಗುವ ದಾರಿ ಒಂದೇ, ಎಣಿಕೆ ಮುಗಿಯುವ ಮೊದಲು ಕಣದಿಂದ ಹಿಂದೆ ಸರಿದು ಬೇರೊಂದು ಜೀವಿಗೆ ಜಾಗ ಬಿಡುವುದು. ಇಲ್ಲಿ ಪೆಟ್ಟಿನ ಬಲವಿಲ್ಲ, ತಾಗುವ ಶೇಕಡಾವಾರು ಇಲ್ಲ, ಕೇಳಿದ್ದೇ ತಾಗಿದ್ದು. ಹಾಡು ನಿಂತ ಮೇಲೂ ಅದು ಕೇಳಿದವರೊಳಗೆ ಮುಂದುವರಿಯುತ್ತದೆ, ಹಾಡುವವರಿಗೆ ವಿನಾಯಿತಿಯಿಲ್ಲ. ನುರಿತ ಆಟಗಾರರು ಈ ಪಟ್ಟಿನ ಸುತ್ತ ಒಂದು ಪೂರ್ಣ ತಂತ್ರವನ್ನೇ ಕಟ್ಟಿದರು: ಎದುರಾಳಿ ಹಿಂದೆ ಸರಿಯದಂತೆ ಮೀನ್ ಲುಕ್ ಎಂಬ ದಿಟ್ಟಿಯಿಂದ ಕಟ್ಟಿಹಾಕಿ, ಹಾಡಿ, ಎಣಿಕೆಯ ಕೊನೆಯ ಸರದಿಯಲ್ಲಿ ತಾವು ಸರಿದುಕೊಳ್ಳುವುದು. 2013ರ ಎಕ್ಸ್ ಮತ್ತು ವೈ ಆಟಗಳಲ್ಲಿ ಮೆಗಾ ಗೆಂಗಾರ್ ಎಂಬ ಜೀವಿ ತನ್ನ ನೆರಳಿನಿಂದಲೇ ಎದುರಾಳಿಗಳನ್ನು ಹಿಡಿದಿಡುವ ಗುಣ ಪಡೆದಾಗ ಈ ತಂತ್ರ ಜೋಡಿ ಕಾಳಗಗಳಲ್ಲಿ ಭೀತಿ ಹುಟ್ಟಿಸುವಷ್ಟು ಬಿಗಿಯಾಯಿತು. ಆಟಗಾರರ ಗಮನವೆಲ್ಲ ಯಾರು ಉಳಿಯಬೇಕು, ಯಾರು ಯಾವಾಗ ಸರಿಯಬೇಕು ಎಂಬ ಕಾಲದ ಲೆಕ್ಕದಲ್ಲಿ ನೆಟ್ಟಿರುತ್ತದೆ. ಹಾಡಿನ ದಾಳಿಯಿಂದ ನಿರೀಕ್ಷಿಸಬೇಕಾದ ಬಿಗುವು ಇಂಥದ್ದೇ. ಅದೇ ಪೀಳಿಗೆಯ ಹೀಲ್ ಬೆಲ್, ತಂಡದ ಎಲ್ಲ ಜೀವಿಗಳ ವಿಷ, ನಿದ್ದೆ, ಸುಟ್ಟಗಾಯಗಳನ್ನು ಒಂದೇ ಗಂಟೆಯ ನಾದದಿಂದ ಕಳೆಯುವ ಪಟ್ಟು, ಇದೇ ತರ್ಕವನ್ನು ಉಪಶಮನಕ್ಕೆ ತಿರುಗಿಸಿತು.

ಎರಡನೆಯ ಕಂತು 2002ರ ರೂಬಿ ಮತ್ತು ಸಫೈರ್ ಆಟಗಳದು. ಜೀವಿಗಳಿಗೆ ಹುಟ್ಟಿನಿಂದ ಬರುವ ಸಹಜ ಗುಣವೆಂಬ ಹೊಸ ಅಂಗ ಅಲ್ಲಿ ಸೇರಿತು, ಅವುಗಳಲ್ಲಿ ಒಂದು ಸೌಂಡ್‌ಪ್ರೂಫ್. ಇದಿದ್ದ ಜೀವಿಗೆ ದನಿಯ ಪಟ್ಟುಗಳು ತಾಗುವುದಿಲ್ಲ. ಭೀಷ್ಮನ ಪಾತ್ರಕ್ಕೆ ಒಂದು ನಿಯಮ ಸಿಕ್ಕಂತಾಯಿತು, ಅದರ ಜೊತೆಗೆ ಯಾವುದು ದನಿ, ಯಾವುದು ದನಿಯಲ್ಲ ಎಂದು ಪಟ್ಟಿ ಮಾಡಲೇಬೇಕಾಯಿತು. ಚೆಂಡಿನಾಕಾರದ ಯಂತ್ರಜೀವಿ ವೋಲ್ಟಾರ್ಬ್‌ಗೆ ಈ ಗುಣ ಇರುವುದು ಸಹಜ, ಅದಕ್ಕೆ ಕಿವಿಯೇ ಕಾಣುವುದಿಲ್ಲ. ಮೈತುಂಬ ಕೊಳವೆಗಳನ್ನು ಹೊತ್ತು ಅರಚುವ ಎಕ್ಸ್‌ಪ್ಲೌಡ್‌ಗೂ ಇರುವುದು ಇನ್ನೂ ಒಳ್ಳೆಯ ಊಹೆ, ಅಷ್ಟು ಗಟ್ಟಿಯಾಗಿ ಕೂಗುವ ಜೀವಿ ತನ್ನ ಕಿವಿಯನ್ನು ಮೊದಲು ಕಾಪಾಡಿಕೊಂಡಿರಬೇಕು. ಆದರೆ ಬರಿಯ ಬಂಡೆಯಾದ ಜಿಯೋಡ್ಯೂಡ್ ಹಾಡು ಕೇಳಿ ನಿದ್ದೆಹೋಗುತ್ತದೆ, ದೆವ್ವದ ವರ್ಗದ ಜೀವಿಗಳು ಸಿಂಗ್‌ಗೆ ಮಲಗುತ್ತವೆ, ಹೈಪರ್ ವಾಯ್ಸ್ ಎಂಬ ಆರ್ಭಟ ಮಾತ್ರ ಅವುಗಳ ಮೂಲಕ ಹಾದುಹೋಗುತ್ತದೆ. ಶ್ರವಣದ ಲಕ್ಷಣವನ್ನು ಜೀವಿಯ ದೇಹದಿಂದ ಪಡೆಯದೆ ಪಟ್ಟಿಯಿಂದ ಪಡೆದದ್ದರ ಫಲ ಇದು. ಅದೇ ಆಟಗಳ ಅಪ್‌ರೋರ್ ಹೆಚ್ಚು ಮೆಚ್ಚಬೇಕಾದ ಕಲ್ಪನೆ: ಒಂದು ಜೀವಿ ಹಲವು ಸರದಿ ಎಡೆಬಿಡದೆ ಗಲಾಟೆ ಮಾಡುತ್ತದೆ, ಅಷ್ಟು ಹೊತ್ತು ಕಣದಲ್ಲಿ ಯಾರೂ ನಿದ್ದೆಹೋಗಲಾಗದು, ಮಲಗಿದವರೂ ಏಳುತ್ತಾರೆ. ಜೋಗುಳಕ್ಕೆ ಗದ್ದಲವೇ ಮದ್ದು. ಮೊದಲ ಆಟದಲ್ಲಿ ದಾರಿಗಡ್ಡ ಮಲಗಿದ ಸ್ನೋರ್ಲ್ಯಾಕ್ಸ್ ಅನ್ನು ಎಬ್ಬಿಸಿದ್ದ ಪೋಕೆ ಕೊಳಲು ಇದೇ ಸೂತ್ರದ ಹಿಂದಿನ ರೂಪ.

ರೂಬಿ ಮತ್ತು ಸಫೈರ್‌ನಲ್ಲೇ ಎರಡು ಎರಡು ಜೀವಿಗಳು ಎದುರುಬದುರಾಗುವ ಜೋಡಿ ಕಾಳಗವೂ ಬಂದದ್ದರಿಂದ, ಹಾಡು ಯಾರ ಕಿವಿಗೆ ಬೀಳುತ್ತದೆ ಎಂಬ ಪ್ರಶ್ನೆಯನ್ನು ಮುಂದೂಡಲಾಗಲಿಲ್ಲ. ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ಸಿಂಗ್ ಇಂದಿಗೂ ಒಬ್ಬರನ್ನೇ ಮಲಗಿಸುತ್ತದೆ, ಪಕ್ಕದಲ್ಲೇ ನಿಂತ ಸಂಗಾತಿಗೆ ಏನೂ ಆಗುವುದಿಲ್ಲ; ಹೈಪರ್ ವಾಯ್ಸ್ ಇಬ್ಬರು ಶತ್ರುಗಳನ್ನೂ ಹೊಡೆಯುತ್ತದೆ, ತನ್ನವರನ್ನು ಬಿಡುತ್ತದೆ; 2013ರಲ್ಲಿ ಸೇರಿದ 140 ಬಲದ ಬೂಮ್‌ಬರ್ಸ್ಟ್ ತನ್ನವರನ್ನೂ ಬಿಡುವುದಿಲ್ಲ. ಈ ಕೊನೆಯ ನಿಯಮ ಪ್ರಾಮಾಣಿಕವಾದದ್ದು, ಆದರೆ ಅಷ್ಟು ಹೊತ್ತಿಗೆ ದನಿ ಪೂರ್ತಿಯಾಗಿ ಫಿರಂಗಿಯಾಗಿತ್ತು. ಸಿಲ್ವಿಯಾನ್ ಎಂಬ ಜೀವಿ ತನ್ನ ಸಹಜ ಗುಣದಿಂದ ಹೈಪರ್ ವಾಯ್ಸ್ ಅನ್ನು ಕಿನ್ನರ ವರ್ಗಕ್ಕೆ ಬದಲಿಸಿ ಅಧಿಕೃತ ಪಂದ್ಯಗಳಲ್ಲಿ ವರ್ಷಗಟ್ಟಲೆ ಮೆರೆದಾಗ ಆಟಗಾರರು ಅದನ್ನು ಆರಿಸಿದ್ದು ಇಬ್ಬರಿಗೆ ಒಟ್ಟಿಗೆ ಪೆಟ್ಟು ಕೊಡುವ ಅನುಕೂಲಕ್ಕೆ. ಅಲ್ಲಿ ದನಿಯ ಬದಲು ಗಾಳಿಯೋ ಬೆಳಕೋ ಇದ್ದಿದ್ದರೂ ಆಟದ ಸ್ವರೂಪ ಹೆಚ್ಚು ಬದಲಾಗುತ್ತಿರಲಿಲ್ಲ.

ಹಾಗೆಂದು ನಡುವಿನ ವರ್ಷಗಳು ಬರಡಾಗಿರಲಿಲ್ಲ. 2006ರ ಡೈಮಂಡ್ ಮತ್ತು ಪರ್ಲ್‌ನಲ್ಲಿ ಚಟಾಟ್ ಎಂಬ ಗಿಳಿಯಂಥ ಹಕ್ಕಿಗೆ ಆಟಗಾರ ಯಂತ್ರದ ಮೈಕ್‌ನಲ್ಲಿ ತನ್ನ ದನಿಯನ್ನೇ ಮುದ್ರಿಸಿ ಕಲಿಸಬಹುದಿತ್ತು, ಮತ್ತು ಅದರ ಚಾಟರ್ ಪಟ್ಟು ಎದುರಾಳಿಯನ್ನು ಗೊಂದಲಗೊಳಿಸುವ ಸಾಧ್ಯತೆ ಮುದ್ರಿತ ದನಿ ಎಷ್ಟು ಜೋರಾಗಿದೆ ಎಂಬುದರ ಮೇಲೆ ಶೇ. 1, 11 ಅಥವಾ 31 ಆಗುತ್ತಿತ್ತು. ನಿಜವಾದ ದನಿಯ ಒಂದು ಗುಣ ಕಾಳಗದ ಫಲವನ್ನು ತೀರ್ಮಾನಿಸಿದ ಅಪರೂಪದ ಉದಾಹರಣೆ ಇದು, ಆ ನಂಟು ಮುಂದಿನ ಪೀಳಿಗೆಗಳಲ್ಲಿ ಕಡಿದುಹೋಯಿತು. 2010ರ ಬ್ಲ್ಯಾಕ್ ಮತ್ತು ವೈಟ್ ಸಂಗೀತದ ಎರಡು ಮೂಲಸೂತ್ರಗಳನ್ನು ತಂದಿತು. ರೌಂಡ್ ಎಂಬ ಪಟ್ಟು ಮೇಳದ ಹಾಡು: ಒಬ್ಬರು ಹಾಡಿದೊಡನೆ ಸಂಗಾತಿ ವೇಗದ ಕ್ರಮವನ್ನು ಮೀರಿ ತಕ್ಷಣ ದನಿಗೂಡಿಸುತ್ತದೆ, ಎರಡನೆಯ ದನಿಯ ಬಲ 60ರಿಂದ 120ಕ್ಕೆ ಏರುತ್ತದೆ. ಎಕೋಡ್ ವಾಯ್ಸ್ ಪುನರಾವರ್ತನೆಯ ಹಾಡು: ಸತತ ಸರದಿಗಳಲ್ಲಿ ಯಾರಾದರೂ ಅದನ್ನು ಬಳಸುತ್ತ ಹೋದರೆ ಬಲ 40ರಿಂದ 80, 120, 160 ಎಂದು ಏರಿ 200ಕ್ಕೆ ನಿಲ್ಲುತ್ತದೆ, ಒಂದು ಸರದಿ ಕಡಿದರೆ ಮತ್ತೆ 40. ಶತ್ರು ಹಾಡಿದರೂ ಏರಿಕೆ ಮುಂದುವರಿಯುತ್ತದೆಂಬ ಸಣ್ಣ ವಿವರದಲ್ಲಿ, ಕಣದಲ್ಲಿ ಮೊಳಗುತ್ತಿರುವ ಹಾಡು ಯಾರ ಸ್ವತ್ತೂ ಅಲ್ಲವೆಂಬ ಅರಿವಿದೆ. ಅದೇ ಪೀಳಿಗೆಯ ಮೆಲೋಯೆಟ್ಟಾ ಎಂಬ ಜೀವಿ ರೆಲಿಕ್ ಸಾಂಗ್ ಹಾಡಿದಾಗ ಪೆಟ್ಟಿನ ಜೊತೆಗೆ ತಾನೇ ಗಾಯಕಿಯ ರೂಪದಿಂದ ನರ್ತಕಿಯ ರೂಪಕ್ಕೆ ಬದಲಾಗುತ್ತದೆ.

ಎಕ್ಸ್ ಮತ್ತು ವೈ ತಂದ ಇನ್ನೊಂದು ತಿದ್ದುಪಡಿ ಚಿಕ್ಕದಾದರೂ ಸರಿಯಾದದ್ದು. ಸಬ್‌ಸ್ಟಿಟ್ಯೂಟ್ ಎಂಬ ಪಟ್ಟಿನಲ್ಲಿ ಜೀವಿ ತನ್ನ ಪ್ರಾಣಬಲದ ಕಾಲುಭಾಗ ತೆತ್ತು ಒಂದು ಬದಲಿ ಗೊಂಬೆಯನ್ನು ಮುಂದಿಡುತ್ತದೆ, ಪೆಟ್ಟುಗಳನ್ನು ಗೊಂಬೆ ತಿನ್ನುತ್ತದೆ. ಆ ಪೀಳಿಗೆಯಿಂದ ದನಿಯ ಪಟ್ಟುಗಳು ಗೊಂಬೆಯನ್ನು ದಾಟಿ ಹಿಂದೆ ಅಡಗಿದ ಜೀವಿಯನ್ನೇ ತಲುಪತೊಡಗಿದವು. ಪ್ರೊಟೆಕ್ಟ್ ಎಂಬ ರಕ್ಷಾಕವಚ ಅವುಗಳಲ್ಲಿ ಹೆಚ್ಚಿನವನ್ನು ಈಗಲೂ ತಡೆಯುತ್ತದೆ, ಪೆರಿಶ್ ಸಾಂಗ್ ಅನ್ನು ತಡೆಯುವುದಿಲ್ಲ. 2016ರ ಸನ್ ಮತ್ತು ಮೂನ್‌ನಲ್ಲಿ ಥ್ರೋಟ್ ಚಾಪ್ ಬಂದಿತು: ಕೊರಳಿಗೆ ಬಿದ್ದ ಆ ಏಟು ಎರಡು ಸರದಿಯ ಮಟ್ಟಿಗೆ ಎದುರಾಳಿ ದನಿಯೆತ್ತದಂತೆ ಮಾಡುತ್ತದೆ. ಕಿವಿಗೆ ಒಂದು ನಿಯಮ ಮೊದಲೇ ಇತ್ತು, ಈಗ ಗಂಟಲಿಗೂ ಒಂದಾಯಿತು. ಅದೇ ಆಟದ ಪ್ರಿಮರಿನಾ, ಕಡಲಸಿಂಹವನ್ನೂ ಮತ್ಸ್ಯಕನ್ಯೆಯನ್ನೂ ನೆನಪಿಸುವ ಗಾಯಕಿ, ಸ್ಪಾರ್ಕ್ಲಿಂಗ್ ಆರಿಯ ಹಾಡಿದಾಗ 90 ಬಲದ ಪೆಟ್ಟು ಸುತ್ತಲಿನ ಎಲ್ಲರಿಗೂ ಬೀಳುತ್ತದೆ, ಜೊತೆಗೆ ಪೆಟ್ಟು ತಿಂದವರ ಸುಟ್ಟಗಾಯವೂ ವಾಸಿಯಾಗುತ್ತದೆ. 2019ರಲ್ಲಿ ಗಿಟಾರಿನಂಥ ಎದೆಯ ಟಾಕ್ಸ್‌ಟ್ರಿಸಿಟಿಯ ಪಂಕ್ ರಾಕ್ ಗುಣ ದನಿಯ ಪಟ್ಟಿನ ಬಲವನ್ನು ಶೇ. 30 ಹೆಚ್ಚಿಸಿ, ತಾನು ತಿನ್ನುವ ದನಿಯ ಪೆಟ್ಟನ್ನು ಅರ್ಧಕ್ಕಿಳಿಸಿತು. ಪೂರ್ತಿ ಕಿವುಡಿಗಿಂತ ಅಭ್ಯಾಸವಾದ ಕಿವಿಯೆಂಬ ಈ ಮಧ್ಯದ ಸ್ಥಿತಿ ಸೌಂಡ್‌ಪ್ರೂಫ್‌ಗಿಂತ ಹೆಚ್ಚು ನಂಬುವಂತಿದೆ.

ಇಷ್ಟೆಲ್ಲ ಆದರೂ ಒಂದು ಜಾಗ ಖಾಲಿಯಾಗೇ ಉಳಿದಿದೆ: ಈ ಕಾಳಗದಲ್ಲಿ ಹಾಡಿಗೂ ಕೂಗಿಗೂ ವ್ಯತ್ಯಾಸವಿಲ್ಲ. ಸಿಂಗ್, ಲೋಹ ಕೆರೆದ ಸದ್ದಾದ ಮೆಟಲ್ ಸೌಂಡ್, ಮಲಗಿದ್ದಾಗ ಮಾತ್ರ ಬಳಸಬಹುದಾದ ಗೊರಕೆಯ ಸ್ನೋರ್, ಎಲ್ಲಕ್ಕೂ ಒಂದೇ ಮುದ್ರೆ. ಸ್ವರಗಳ ಕ್ರಮಕ್ಕೆ, ಲಯಕ್ಕೆ, ಶ್ರುತಿಗೆ ಫಲದಲ್ಲಿ ಪಾಲಿಲ್ಲ. ಬೇರೆ ಆಟಗಳು ಈ ಕೆಲಸವನ್ನು ಮಾಡಿ ತೋರಿಸಿವೆ. 1990ರ ಲೂಮ್‌ನಲ್ಲಿ ಮಂತ್ರಗಳೆಲ್ಲ ನಾಲ್ಕು ಸ್ವರಗಳ ಹೆಣಿಗೆಗಳು. ತೆರೆಯುವ ಸ್ವರಗಳನ್ನು ಹಿಂದುಮುಂದಾಗಿ ನುಡಿಸಿದರೆ ಮುಚ್ಚುತ್ತದೆ, ಎರಡೂ ಕಡೆಯಿಂದ ಒಂದೇ ಆಗಿರುವ ಹೆಣಿಗೆಯನ್ನು ತಿರುಗಿಸಲಾಗುವುದೇ ಇಲ್ಲ. 1998ರ ಆಕರಿನಾ ಆಫ್ ಟೈಮ್‌ನಲ್ಲಿ ಸೂರ್ಯನ ಹೆಸರಿನ ರಾಗವನ್ನು ಆಟಗಾರ ಸ್ವರಸ್ವರವಾಗಿ ನುಡಿಸಿದರೆ ನಡೆದಾಡುವ ಶವಗಳು ನಿಂತಲ್ಲೇ ಮರಗಟ್ಟುತ್ತವೆ. 2007ರ ಪ್ಯಾಟಪಾನ್‌ನಲ್ಲಿ ನಾಲ್ಕು ಗುಂಡಿಗಳು ನಾಲ್ಕು ಡೋಲುಗಳಾಗಿ, ಆಟಗಾರ ನಾಲ್ಕು ಎಣಿಕೆ ಬಾರಿಸಿದ್ದಕ್ಕೆ ಪುಟ್ಟ ಸೈನಿಕರು ಮುಂದಿನ ನಾಲ್ಕು ಎಣಿಕೆ ಹಾಡಿ ಆಜ್ಞೆಯನ್ನು ನಡೆಸುತ್ತಾರೆ. ತಾಳ ತಪ್ಪಿದರೆ ಸೈನ್ಯ ಗಲಿಬಿಲಿಗೊಳ್ಳುತ್ತದೆ. ಈ ಸೂತ್ರಗಳನ್ನು ಸರದಿಯ ಕಾಳಗಕ್ಕೆ ತರುವುದು ಅಸಾಧ್ಯವೇನಲ್ಲ. ಹಾಡನ್ನು ಒಂದೇ ಸರದಿಯ ಪಟ್ಟಾಗಿಸದೆ ಮೂರು ನಾಲ್ಕು ಸರದಿಗೆ ಹಂಚಿದ ಸಾಲುಗಳನ್ನಾಗಿಸಬಹುದು, ಕೇಳುವ ಜೀವಿ ಎಷ್ಟು ಸಾಲು ಕೇಳಿತೋ ಅಷ್ಟರಮಟ್ಟಿಗೆ ಫಲ ಏರುವಂತೆ ಮಾಡಬಹುದು, ನಡುವೆ ಬಂದು ನಿಂತ ಹೊಸ ಜೀವಿಗೆ ಅರ್ಧ ಹಾಡಿನ ಅರ್ಧ ಫಲವನ್ನಷ್ಟೇ ಕೊಡಬಹುದು, ಶೇ. 55ರ ಅದೃಷ್ಟದ ಲೆಕ್ಕಕ್ಕೆ ಆಗ ಅಗತ್ಯವೇ ಬೀಳದು. ಗದ್ದಲ ಅದನ್ನು ಕೆಡಿಸಬೇಕು, ಮೇಳ ಅದನ್ನು ಬಲಪಡಿಸಬೇಕು, ಹಾಡುವ ಜೀವಿಗೆ ಆ ಹೊತ್ತಿನಲ್ಲಿ ಬೇರೆ ರಕ್ಷಣೆ ಇರಬಾರದು. ಇವುಗಳಲ್ಲಿ ಹೆಚ್ಚಿನವಕ್ಕೆ ಬೇಕಾದ ಬಿಡಿಭಾಗಗಳು ಅಪ್‌ರೋರ್, ರೌಂಡ್, ಪೆರಿಶ್ ಸಾಂಗ್‌ಗಳಲ್ಲಿ ಚದುರಿ ಬಿದ್ದಿವೆ, ಒಂದೇ ಪಟ್ಟಿನಲ್ಲಿ ಅವು ಕೂಡಿಬಂದಿಲ್ಲ.

ಅದಕ್ಕೆ ಹತ್ತಿರ ಬಂದದ್ದು ಸ್ಕಾರ್ಲೆಟ್ ಮತ್ತು ವಯೊಲೆಟ್‌ನ ಟಾರ್ಚ್ ಸಾಂಗ್. ಮೂತಿಯ ಮೇಲೆ ಪುಟ್ಟ ಬೆಂಕಿಹಕ್ಕಿಯನ್ನು ಹೊತ್ತ ಮೊಸಳೆಯಂಥ ಸ್ಕೆಲಡರ್ಜ್ ಹಾಡುವ ಈ ಪಟ್ಟಿನ ಬಲ 80, ಮತ್ತು ಪ್ರತಿ ಬಾರಿ ಹಾಡಿದಾಗಲೂ ಹಾಡಿದ ಜೀವಿಯ ವಿಶೇಷ ದಾಳಿಯ ಸಾಮರ್ಥ್ಯ ಒಂದು ಹಂತ ಏರುತ್ತದೆ. ಎರಡನೆಯ ಬಾರಿಗೆ ಪೆಟ್ಟು ಒಂದೂವರೆ ಪಟ್ಟು, ಮೂರನೆಯದಕ್ಕೆ ಎರಡು ಪಟ್ಟು, ಹೀಗೆ ನಾಲ್ಕು ಪಟ್ಟಿನವರೆಗೆ. ಹಾಡುತ್ತ ಹಾಡುತ್ತ ಗಾಯಕನೇ ಕಾವೇರುತ್ತಾನೆಂಬ, ಕಛೇರಿ ಕೇಳಿದವರೆಲ್ಲ ಬಲ್ಲ ಸಂಗತಿ ಇಲ್ಲಿ ಮೊದಲ ಬಾರಿಗೆ ಅಂಕಿಯಾಗಿದೆ. ಅದನ್ನು ನಿಲ್ಲಿಸಲು ಎದುರಾಳಿಗಳು ಬಳಸುವ ಉಪಾಯಗಳಲ್ಲಿ 1996ರ ಪಟ್ಟೊಂದೂ ಇದೆ. ಮೊದಲ ಆಟದಲ್ಲಿ ತರಬೇತುದಾರರ ನಡುವಿನ ಕಾಳಗದಲ್ಲಿ ಏನೂ ಮಾಡಲಾಗದಿದ್ದ ರೋರ್ ಈಗ ಸರದಿಯ ಕಟ್ಟಕಡೆಗೆ ನಡೆಯುತ್ತದೆ, ಅಂದರೆ ಸ್ಕೆಲಡರ್ಜ್ ಆ ಸರದಿಯ ಹಾಡನ್ನು ಹಾಡಿ ಮುಗಿಸಿದ ಮೇಲೆ. ಗರ್ಜನೆಗೆ ಅದು ಕಣದಿಂದ ಹೊರದಬ್ಬಲ್ಪಟ್ಟಾಗ ಏರಿಸಿಕೊಂಡ ಹಂತಗಳೆಲ್ಲ ಅಳಿಸಿಹೋಗುತ್ತವೆ, ಮತ್ತೆ ಕಣಕ್ಕೆ ಬಂದಾಗ ಅದು ಸೊನ್ನೆಯಿಂದಲೇ ಹಾಡಬೇಕಾಗುತ್ತದೆ.